ಎಲ್ಲಿಗೆ ಹಾಕ್ತೀರಿ?

ಬೆಳಗ್ಗೆ ಎಂಟೂವರೆಗೆ ಅಂಗಡಿಯ ಶಟರ್ ಎತ್ತುತ್ತೇನೆ. ಕಪಾಟಿನ ಬಾಗಿಲಿಗೆ ಹಾಕುವ ಹಿಂಜ್ ಅಂದರೆ ಕೀಲು, ಹಿಡಿಕೆ, ಡ್ರಾ ಜಾರುವ ಚಾನಲ್, ಇಂಥದ್ದನ್ನು ಮಾರುವ ಅಂಗಡಿ ನನ್ನದು. ಮೊದಲ ಗಿರಾಕಿ ಯಾವಾಗಲೂ ಅವಸರದಲ್ಲೇ ಇರುತ್ತಾರೆ. ಬೈಕ್ ಕೂಡ ಆಫ್ ಮಾಡಿರುವುದಿಲ್ಲ. "ಅಕ್ಕ, ಆಟೋ ಹಿಂಜ್ ಹತ್ತು ಜೊತೆ ಕೊಡಿ" ಅನ್ನುತ್ತಾರೆ. ಡಬ್ಬಕ್ಕೆ ಕೈ ಹಾಕುವ ಮೊದಲು ನಾನು ಒಂದು ಮಾತು ಕೇಳುತ್ತೇನೆ. "ಎಲ್ಲಿಗೆ ಹಾಕ್ತೀರಿ?"

ಶುರುವಿನಲ್ಲಿ ಈ ಪ್ರಶ್ನೆಗೆ ಕೆಲವರು ಮುಖ ಸಿಂಡರಿಸುತ್ತಿದ್ದರು. ದುಡ್ಡು ಕೊಡ್ತೀನಿ, ಸಾಮಾನು ಕೊಡಿ, ಎಲ್ಲಿಗಾದರೆ ನಿಮಗೇನು ಅನ್ನುವ ಹಾಗೆ ನೋಡುತ್ತಿದ್ದರು. ಈಗ ಬೆಂಗಳೂರಿನ ನಮ್ಮ ಸುಂಕದಕಟ್ಟೆ ಸುತ್ತಮುತ್ತಲಿನ ಬಡಗಿಗಳಿಗೆ ಅಭ್ಯಾಸ ಆಗಿದೆ. ಈ ಒಂದು ಪ್ರಶ್ನೆ ಕಲಿಯುವುದಕ್ಕೆ ನನಗೆ ಐದು ತಿಂಗಳು ಹಿಡಿಯಿತು. ದುಡ್ಡೂ ಹೋಯಿತು. ಇಂಥದೇ ಅಂಗಡಿ ಹಾಕಬೇಕು ಅಂತ ಯೋಚನೆ ಮಾಡುವವರು ಆಗಾಗ ಬಂದು, ಸ್ಟೂಲ್ ಎಳೆದುಕೊಂಡು ಕೂತು ವಿಚಾರಿಸುತ್ತಾರೆ. ಅವರಿಗೆ ಗಿರಾಕಿಗಳ ನಡುವೆ ಅರ್ಧರ್ಧ ಹೇಳುವುದನ್ನು ಇಲ್ಲಿ ಕೂತು ಬರೆಯುತ್ತಿದ್ದೇನೆ.

ನಾನು ಮೊದಲು ಪೀಣ್ಯದಲ್ಲಿ ಮಾಡ್ಯುಲರ್ ಅಡುಗೆಮನೆ ಮಾಡುವ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದೆ. ಸ್ಟೋರ್ಸ್‌ನಲ್ಲಿ, 11 ವರ್ಷ. ಪ್ರತಿ ಮನೆಗೂ ಒಂದು ಪಟ್ಟಿ ಬರುತ್ತಿತ್ತು. ಇಷ್ಟು ಹಿಂಜ್, ಇಷ್ಟು ಚಾನಲ್, ಇಷ್ಟು ಹಿಡಿಕೆ, ಇಷ್ಟು ಸ್ಕ್ರೂ. ಎಣಿಸಿ, ಪ್ಯಾಕೆಟ್ ಮಾಡಿ, ಮೇಲೆ ಮನೆಯ ನಂಬರ್ ಬರೆದು ಕಳಿಸುವುದು. ಒಂದು ಸ್ಕ್ರೂ ಕಡಿಮೆ ಆದರೂ ಸೈಟ್‌ನಿಂದ ಫೋನ್ ಬರುತ್ತಿತ್ತು. ಲಕ್ಷಗಟ್ಟಲೆ ಬೆಲೆಯ ಅಡುಗೆಮನೆ, ನಾಲ್ಕಾಣೆ ಸ್ಕ್ರೂ ಇಲ್ಲ ಅಂತ ಒಂದು ದಿನ ನಿಂತುಬಿಡುತ್ತದೆ. ಆ ಚಿಕ್ಕ ಸಾಮಾನಿನ ಮೇಲೆ ನನಗೆ ಗೌರವ ಹುಟ್ಟಿದ್ದು ಅಲ್ಲೇ. 2022ರಲ್ಲಿ ಫ್ಯಾಕ್ಟರಿ ತುಮಕೂರು ಕಡೆ ಹೋಯಿತು. ದಿನಾ ಅಷ್ಟು ದೂರ ಓಡಾಡುವುದು ಆಗುವ ಮಾತಲ್ಲ. ಗೊತ್ತಿರುವ ಕೆಲಸ ಇದೊಂದೇ. ಅಂಗಡಿ ಹಾಕೋಣ ಅಂತ ತೀರ್ಮಾನ ಮಾಡಿದೆ.

ದುಡ್ಡಿನ ಲೆಕ್ಕ ಮುಚ್ಚಿಡುವುದು ಬೇಡ. ನನ್ನ ಉಳಿತಾಯ 7 ಲಕ್ಷ, ಒಡವೆ ಅಡ ಇಟ್ಟು ತಂದದ್ದು 3 ಲಕ್ಷ. ಬಾಡಿಗೆ 22 ಸಾವಿರ. ಬೆಂಗಳೂರಿನ ವಾಡಿಕೆ ಗೊತ್ತಲ್ಲ, ಹತ್ತು ತಿಂಗಳ ಅಡ್ವಾನ್ಸ್. ಅಲ್ಲಿಗೆ 2 ಲಕ್ಷದ 20 ಸಾವಿರ ಹೋಯಿತು. ರ‍್ಯಾಕು, ಕೌಂಟರ್ ಎಲ್ಲ ಸೇರಿ 80 ಸಾವಿರ. ಬಿಲ್ಲಿಂಗ್ ಕಂಪ್ಯೂಟರ್, ಪ್ರಿಂಟರ್ 35 ಸಾವಿರ. ಸರಕು ಐದೂವರೆ ಲಕ್ಷದ್ದು. ಅದರ ಮೇಲೆ ಶೇಕಡ 18 ಜಿಎಸ್‌ಟಿ, ಅಂದರೆ 99 ಸಾವಿರ. ಈ 99 ಸಾವಿರ ಯಾರ ಲೆಕ್ಕದಲ್ಲೂ ಇರುವುದಿಲ್ಲ. ಸರಕು ಮಾರಿದ ಹಾಗೆ ಮಾರಾಟದ ತೆರಿಗೆಯಲ್ಲಿ ಅದು ಹೊಂದಿಕೊಳ್ಳುತ್ತದೆ, ನಿಜ. ಆದರೆ ಮೊದಲ ದಿನ ಕೈಯಿಂದ ಕೊಡಲೇಬೇಕು. ಎಲ್ಲ ಮುಗಿದಾಗ ನನ್ನ ಹತ್ತಿರ ಉಳಿದದ್ದು 16 ಸಾವಿರ. ಮುಂದಿನ ತಿಂಗಳ ಬಾಡಿಗೆಗೂ ಅದು ಸಾಲದು.

ಸರಕು ಮಾರುವವರಿಗೆ ರಾಜ್ಯದೊಳಗಿನ ವ್ಯಾಪಾರ ವರ್ಷಕ್ಕೆ 40 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯ ಇಲ್ಲ. ಸುಮ್ನೆ ಯಾಕೆ ಮಾಡಿಸುತ್ತೀಯ ಅಂತ ನೆಂಟರು ಹೇಳಿದರು. ನಾನು ಮೊದಲ ದಿನವೇ ಮಾಡಿಸಿದೆ. ಇಲ್ಲದಿದ್ದರೆ ನಾನು ಕಟ್ಟಿದ ತೆರಿಗೆ ವಾಪಸ್ ಹಿಡಿದುಕೊಳ್ಳುವ ಹಾಗಿಲ್ಲ, ಕಂಟ್ರ್ಯಾಕ್ಟರ್‌ಗಳು ನನ್ನ ಹತ್ತಿರ ತಗೊಳ್ಳುವುದೂ ಇಲ್ಲ. ಅದು ಸರಿಯಾದ ತೀರ್ಮಾನ ಅಂತ ಇವತ್ತಿಗೂ ಅನ್ನಿಸುತ್ತದೆ.

ಸರಕು ಹುಡುಕಿ ಹೊರಟಿದ್ದು ಎಲ್ಲರ ಹಾಗೆ ಎಸ್‌ಜೆಪಿ ರಸ್ತೆಗೆ. ಕೆ.ಆರ್. ಮಾರುಕಟ್ಟೆ ಮೆಟ್ರೊದಲ್ಲಿ ಇಳಿದು ನಡೆದರೆ ಸಾಕು. ಸಿಲ್ವರ್ ಜ್ಯುಬಿಲಿ ಪಾರ್ಕ್ ರಸ್ತೆ ಅನ್ನುವ ಪೂರ್ತಿ ಹೆಸರು ಅಲ್ಲಿ ವ್ಯಾಪಾರ ಮಾಡುವವರ ಬಾಯಲ್ಲೂ ಬರುವುದಿಲ್ಲ. ನಲ್ಲಿ, ಬೀಗ, ಚಿಲಕ, ಡ್ರಿಲ್ಲು, ಮೊಳೆ, ಏನು ಬೇಕೋ ಅದು ಸಿಗುತ್ತದೆ. ಒಂದು ವಾರ ಅಲ್ಲಿ ಸುತ್ತಿದೆ. ಹಿತ್ತಾಳೆ ಜಾಮ್‌ನಗರದ್ದು, ಬೀಗ ಅಲೀಗಢದ್ದು, ಹಿಂಜ್ ಚಾನಲ್ ಜಾಸ್ತಿ ರಾಜ್‌ಕೋಟ್‌ನದು ಇಲ್ಲವೇ ಚೀನಾದ್ದು. ಆಸ್ಟ್ರಿಯಾ, ಜರ್ಮನಿಯ ದೊಡ್ಡ ಬ್ರ್ಯಾಂಡ್‌ಗಳಿಗೆ ಬೇರೆ ಡೀಲರ್‌ಗಳಿದ್ದಾರೆ. ಅಲ್ಲಿನ ಹಳೆಯ ವ್ಯಾಪಾರಿಯೊಬ್ಬರು ನನ್ನ ಪಟ್ಟಿ ನೋಡಿ, "ಅಮ್ಮ, ಎಲ್ಲ ಇಡೋಕೆ ಹೋಗಬೇಡ. ಇಟ್ಟದ್ದನ್ನು ಪೂರ್ತಿ ಇಡು" ಅಂದರು. ಅದರ ಅರ್ಥ ಆಗ ಪೂರ್ತಿ ಆಗಲಿಲ್ಲ.

ಪೂರ್ತಿ ಇಡುವುದು ಅಂದರೆ ಏನು ಅಂತ ಹೇಳುತ್ತೇನೆ, ಯಾಕೆಂದರೆ ಈ ವ್ಯಾಪಾರದ ಕಷ್ಟ ಇರುವುದೇ ಇಲ್ಲಿ. ಹಿಂಜ್ ಅಂದರೆ ಒಂದು ಸಾಮಾನು ಅಂದುಕೊಳ್ಳುತ್ತೀರಿ. ಕಪಾಟಿನ ಬಾಗಿಲು ಪಕ್ಕದ ಪ್ಲೈಯನ್ನು ಪೂರ್ತಿ ಮುಚ್ಚಿದರೆ ನೇರ ಹಿಂಜ್, ಬಡಗಿಗಳ ಬಾಯಲ್ಲಿ ಸೊನ್ನೆ ಕ್ರ್ಯಾಂಕ್. ಕ್ರ್ಯಾಂಕ್ ಅಂದರೆ ಹಿಂಜ್ ತೋಳಿನ ಬಾಗು. ಒಂದೇ ನಡುಪಟ್ಟಿಯ ಮೇಲೆ ಆ ಕಡೆ ಈ ಕಡೆ ಎರಡು ಬಾಗಿಲು ಬಂದರೆ ಎಂಟು ಕ್ರ್ಯಾಂಕ್. ಬಾಗಿಲು ಚೌಕಟ್ಟಿನ ಒಳಗೇ ಕೂತರೆ ಹದಿನಾರು. ಮೂರು ಆಯಿತಲ್ಲ. ಮೆಲ್ಲಗೆ ಮುಚ್ಚುವ ಸಾಫ್ಟ್ ಕ್ಲೋಸ್, ಸಾದಾ, ಎರಡು ಬಗೆ. ನಿಕ್ಕಲ್ ಹಾಕಿದ ಕಬ್ಬಿಣ, ಸ್ಟೇನ್‌ಲೆಸ್ ಸ್ಟೀಲ್, ಮತ್ತೆ ಎರಡು. ಒಟ್ಟು 12 ಡಬ್ಬ. ಡ್ರಾ ಚಾನಲ್ 10 ಇಂಚಿನಿಂದ 24 ಇಂಚಿನವರೆಗೆ ಎಂಟು ಉದ್ದ. ಅದರಲ್ಲೂ ಸಾದಾ, ಸಾಫ್ಟ್. ಅಲ್ಲಿಗೆ 16.

ಹಿಡಿಕೆಯದು ಇನ್ನೊಂದು ಲೋಕ. ಹಿಡಿಕೆ ಕೂರಿಸುವ ಎರಡು ತೂತಿನ ನಡುವಿನ ಅಂತರ 96, 128, 160, 192, 224 ಮಿ.ಮೀ. ಹೀಗೆ ಬರುತ್ತದೆ. ಫ್ಯಾಕ್ಟರಿಯಲ್ಲಿ ಸೇರಿದ ಹೊಸದರಲ್ಲಿ ಇದೇನು ವಿಚಿತ್ರ ಸಂಖ್ಯೆಗಳು ಅನ್ನಿಸಿತ್ತು. ಆಮೇಲೆ ನೋಡಿದರೆ ಎಲ್ಲವೂ 32ರ ಮಗ್ಗಿ. ಎರಡನೆಯ ಮಹಾಯುದ್ಧ ಆದಮೇಲೆ ಜರ್ಮನಿಯಲ್ಲಿ ಬೇಗ ಬೇಗ ಪೀಠೋಪಕರಣ ಮಾಡಬೇಕಾಗಿ ಬಂದು ಒಂದು ಅಳತೆಯ ಕ್ರಮ ಬೆಳೆಯಿತು. ಸಾಲಾಗಿ ತೂತು ಕೊರೆಯುವ ಯಂತ್ರದಲ್ಲಿ ಒಂದು ಬೈರಿಗೆಗೂ ಇನ್ನೊಂದಕ್ಕೂ ನಡುವೆ ಗೇರ್ ಕೂರಬೇಕು. 32 ಮಿ.ಮೀ.ಗಿಂತ ಹತ್ತಿರ ತರುವುದು ಆಗ ಕಷ್ಟವಾಗಿತ್ತು. ಅದೇ ಅಳತೆ ನಿಂತುಬಿಟ್ಟಿತು. 5 ಮಿ.ಮೀ. ತೂತು, ಒಂದರಿಂದ ಒಂದಕ್ಕೆ 32, ಮುಂದಿನ ಅಂಚಿನಿಂದ 37. ನಾಗರಬಾವಿಯ ಯಾವುದೋ ಥರ್ಟಿ ಫಾರ್ಟಿ ಮನೆಯ ಅಡುಗೆಮನೆಯಲ್ಲಿ ಇವತ್ತು ಕೂರುವ ಹಿಡಿಕೆಯ ಅಳತೆ ಆ ಯಂತ್ರದ್ದು. ಇದು ಗೊತ್ತಾದ ದಿನ ನನಗೆ ತುಂಬಾ ಖುಷಿಯಾಗಿತ್ತು. ಈಗಲೂ ಹೊಸ ಹುಡುಗರಿಗೆ ಹೇಳುತ್ತೇನೆ, ಕೇಳಿದವರು ಆಮೇಲೆ ಅಳತೆ ತಪ್ಪುವುದು ಕಡಿಮೆ.

ಇರಲಿ. ಒಂದು ಡಿಸೈನ್ ಹಿಡಿಕೆ ಇಡಬೇಕು ಅಂದರೆ ಐದು ಅಳತೆ, ನಾಲ್ಕು ಬಣ್ಣ, 20 ಡಬ್ಬ. ಗಿರಾಕಿಗೆ ಬೇಕಾಗುವುದು ಯಾವಾಗಲೂ ಇಲ್ಲದ ಇಪ್ಪತ್ತೊಂದನೆಯದು. ಮೊದಲ ವರ್ಷ ನಾನು ಆಸೆಪಟ್ಟು ಒಂಬತ್ತು ಡಿಸೈನ್ ತಂದೆ. ಯಾವುದೂ ಪೂರ್ತಿ ಇರಲಿಲ್ಲ. ಒಂದು ಮನೆಗೆ ಒಂದೇ ಡಿಸೈನ್‌ನಲ್ಲಿ 128 ಹತ್ತು, 224 ನಾಲ್ಕು ಬೇಕು ಅಂದಾಗ, ಒಂದು ಇದ್ದರೆ ಇನ್ನೊಂದು ಇಲ್ಲ. ಗಿರಾಕಿ ಎರಡನ್ನೂ ಬೇರೆ ಕಡೆ ತಗೊಳ್ಳುತ್ತಿದ್ದರು. ಗುಲಾಬಿ ಚಿನ್ನದ ಬಣ್ಣದ್ದು ಆ ವರ್ಷ ಎಲ್ಲರೂ ಕೇಳುತ್ತಿದ್ದರು ಅಂತ ಹನ್ನೆರಡು ಡಬ್ಬ ತಂದಿಟ್ಟೆ. ಮರುವರ್ಷ ಎಲ್ಲರಿಗೂ ಮ್ಯಾಟ್ ಕಪ್ಪು ಬೇಕಾಯಿತು. ಆ ಡಬ್ಬಗಳಲ್ಲಿ ಏಳು ಇನ್ನೂ ಮೇಲಿನ ರ‍್ಯಾಕಿನಲ್ಲಿವೆ. ಈಗ ನಾಲ್ಕೇ ಡಿಸೈನ್ ಇಡುತ್ತೇನೆ. ಇಟ್ಟದ್ದರಲ್ಲಿ ಎಲ್ಲ ಅಳತೆ, ಎಲ್ಲ ಬಣ್ಣ.

ಇನ್ನು ಆ ಪ್ರಶ್ನೆಯ ವಿಚಾರ.

ಅಂಗಡಿ ಹಾಕಿ ಐದು ತಿಂಗಳಾಗಿತ್ತು. ಮೊದಲಿನಿಂದ ನನ್ನ ಹತ್ತಿರವೇ ತಗೊಳ್ಳುತ್ತಿದ್ದ ಬಡಗಿಯೊಬ್ಬರು ಒಂದು ಸಂಜೆ ಬಂದರು. ಮಾತಾಡಲಿಲ್ಲ. ಅಕ್ಕಿಚೀಲದ ಹಾಗಿದ್ದ ಒಂದು ಚೀಲವನ್ನು ಕೌಂಟರ್ ಮೇಲೆ ಸುರಿದರು. ಹಿಂಜ್‌ಗಳು. 46 ಇದ್ದವು. ಎಲ್ಲ ನಾನು ಕೊಟ್ಟ ಸಾಫ್ಟ್ ಕ್ಲೋಸ್. "ಬಾಗಿಲು ಪಟಾರ್ ಅಂತ ಬಡೀತಾ ಇದೆ, ಎರಡು ಬಾಗಿಲು ಜೋತು ಬಿದ್ದಿವೆ. ಮನೆಯವರು ನನ್ನ ಕೊನೇ ಬಿಲ್ ಹಿಡಿದಿಟ್ಟಿದ್ದಾರೆ" ಅಂದರು. ಅವರ ದನಿಯಲ್ಲಿ ಕೋಪಕ್ಕಿಂತ ಸುಸ್ತು ಜಾಸ್ತಿ ಇತ್ತು.

ಆ ರಾತ್ರಿಯೇ ಎಲ್ಲವನ್ನೂ ಬದಲಿಸಿಕೊಟ್ಟೆ. ಮಾರನೆಯ ದಿನ ಅಂಗಡಿಗೆ ತಂಗಿಯನ್ನು ಕೂರಿಸಿ ಅವರ ಜೊತೆ ಬೆಂಗಳೂರಿನಲ್ಲೇ ಇರುವ ಉಲ್ಲಾಳದ ಆ ಮನೆಗೆ ಹೋದೆ. ಹೊಸ ಮನೆ, ಗೃಹಪ್ರವೇಶದ ತೋರಣ ಇನ್ನೂ ಬಾಗಿಲಲ್ಲಿತ್ತು. ಅಡುಗೆಮನೆಯ ಮೇಲಿನ ಕಪಾಟು ತೆರೆದು ನೋಡಿದೆ. ಬಿಳಿ ಲ್ಯಾಮಿನೇಟ್ ಮೇಲೆ ಹಿಂಜ್ ಇದ್ದ ಜಾಗದ ಕೆಳಗೆ ಸಣ್ಣ ಹಳದಿ ಗೆರೆ. ಬೆರಳಿಟ್ಟರೆ ಜಿಡ್ಡು. ಹಿಂಜ್ ಒಳಗೆ ಬಾಗಿಲನ್ನು ತಡೆದು ಮೆಲ್ಲಗೆ ಬಿಡುವ ಪುಟ್ಟ ಕೊಳವೆ ಇರುತ್ತದೆ, ಅದರ ಎಣ್ಣೆ ಸೋರಿತ್ತು. ಎಣ್ಣೆ ಹೋದಮೇಲೆ ಅದು ಬರೀ ಕಬ್ಬಿಣ, ಬಾಗಿಲು ಬಡಿಯದೆ ಇನ್ನೇನು ಮಾಡುತ್ತದೆ?

ಆದರೆ ಮಲಗುವ ಕೋಣೆಯ ಕಥೆ ಬೇರೆ ಇತ್ತು. ಅಲ್ಲಿ ಏಳು ಅಡಿ ಎತ್ತರದ ಬಟ್ಟೆಯ ಕಪಾಟು. ಒಂದೊಂದು ಬಾಗಿಲು ಒಂದೂವರೆ ಅಡಿ ಅಗಲ. ಹೊರಗಡೆ ಪೂರ್ತಿ ಕನ್ನಡಿ ಅಂಟಿಸಿದ್ದಾರೆ. ಬಾಗಿಲಿಗೆ ಹಿಂಜ್ ಎಷ್ಟು ಅಂದರೆ ಮೂರು. ನಾನು ಆ ಕನ್ನಡಿಯ ಮುಂದೆ ನಿಂತು ಮನಸ್ಸಿನಲ್ಲೇ ತೂಕ ಹಾಕಿದೆ. 18 ಮಿ.ಮೀ. ಪ್ಲೈ, ಎರಡೂ ಕಡೆ ಲ್ಯಾಮಿನೇಟ್, ಹತ್ತೂವರೆ ಚದರಡಿ. ಅದೇ ಸುಮಾರು 14 ಕೆಜಿ. 4 ಮಿ.ಮೀ. ಕನ್ನಡಿ ಇನ್ನೊಂದು 10 ಕೆಜಿ. 24 ಕೆಜಿ ಬಾಗಿಲು ಮೂರು ಹಿಂಜ್ ಮೇಲೆ ನೇತಾಡುತ್ತಿದೆ. ಫ್ಯಾಕ್ಟರಿಯಲ್ಲಿ ಗೋಡೆಯ ಮೇಲೆ ಪಟ್ಟಿಯೇ ಅಂಟಿಸಿದ್ದರು. ಬಾಗಿಲಿನ ಎತ್ತರ 900 ಮಿ.ಮೀ. ತನಕ ಎರಡು, 1600ರ ತನಕ ಮೂರು, 2000ರ ತನಕ ನಾಲ್ಕು, 2400ರ ತನಕ ಐದು. ಅದೂ ಸಾಮಾನ್ಯ ತೂಕಕ್ಕೆ. ಏಳು ಅಡಿ ಅಂದರೆ 2100 ದಾಟುತ್ತದೆ. ಐದು ಬೇಕಿತ್ತು.

ಅಂಗಡಿಗೆ ವಾಪಸ್ ಬಂದು 46 ಹಿಂಜ್‌ಗಳನ್ನೂ ಒಂದೊಂದಾಗಿ ಒಂದು ಹಲಗೆಗೆ ಕೂರಿಸಿ ನೋಡಿದೆ. 19ರಲ್ಲಿ ಎಣ್ಣೆ ಸೋರಿತ್ತು. 27 ಚೆನ್ನಾಗಿಯೇ ಇದ್ದವು, ಹೊರಲಾರದ ಭಾರ ಹೊತ್ತು ತೋಳು ಬಾಗಿದ್ದವು ಅಷ್ಟೇ. ಸರಕು ಕೊಟ್ಟವರಿಗೆ ಫೋನ್ ಮಾಡಿದರೆ, ಆ ಲಾಟ್ ಮುಗಿದುಹೋಯಿತು, ಏನೂ ಮಾಡಲಾಗುವುದಿಲ್ಲ ಅಂದರು. ಅದರ ನಷ್ಟ ನಾನು ಹೊತ್ತೆ. ಆದರೆ ಮಿಕ್ಕ 27ರ ವಿಷಯ ನನ್ನನ್ನು ಜಾಸ್ತಿ ಕಾಡಿತು. ಅಷ್ಟು ವರ್ಷ ಆ ಪಟ್ಟಿಯ ಕೆಳಗೇ ಕೂತು ಕೆಲಸ ಮಾಡಿದವಳು ನಾನು. ಬಡಗಿ ಬಂದು ಇಷ್ಟು ಕೊಡಿ ಅಂದಾಗ ಎಣಿಸಿ ಕೊಟ್ಟೆ. ಯಾವ ಬಾಗಿಲಿಗೆ ಅಂತ ಕೇಳಿದ್ದರೆ ಕನ್ನಡಿಯ ಮಾತು ಬರುತ್ತಿತ್ತು. ಕೇಳಲಿಲ್ಲ. ಫ್ಯಾಕ್ಟರಿಯಲ್ಲಿ ಆ ಪಟ್ಟಿಯನ್ನು ಬೇರೆಯವರು ಯೋಚಿಸಿ ಬರೆದು ಕಳಿಸುತ್ತಿದ್ದರು. ಅಂಗಡಿಯಲ್ಲಿ ಆ ಯೋಚನೆ ಮಾಡುವವರು ಯಾರೂ ಇಲ್ಲ, ನಾನೇ ಮಾಡಬೇಕು. ಇದು ನನಗೆ ತಲೆಗೆ ಹೋದದ್ದು ಅವತ್ತು.

ಮರುದಿನ ಒಂದಡಿ ಉದ್ದ ಒಂದಡಿ ಅಗಲದ ಪ್ಲೈ ತುಂಡಿಗೆ ಎರಡೂ ಕಡೆ ಲ್ಯಾಮಿನೇಟ್ ಅಂಟಿಸಿ, ತೂಕ ಮಾಡಿ, ಮೇಲೆ ಬರೆದು ಕೌಂಟರ್ ಪಕ್ಕ ನೇತುಹಾಕಿದೆ. 1 ಕೆಜಿ 350 ಗ್ರಾಂ. ಅಷ್ಟೇ ಅಳತೆಯ ಕನ್ನಡಿ ತುಂಡು ಒಂದು, ಅದರ ತೂಕ 930 ಗ್ರಾಂ. ಬಾಗಿಲು ಎಷ್ಟು ಚದರಡಿ ಅಂತ ಹೇಳಿದರೆ ಲೆಕ್ಕ ಅಲ್ಲೇ ಆಗುತ್ತದೆ. ಬಡಗಿಗಳು ಆ ತುಂಡನ್ನು ಕೈಯಲ್ಲಿ ಹಿಡಿದು ನೋಡುತ್ತಾರೆ. ಬಾಯಲ್ಲಿ ಹೇಳುವುದಕ್ಕಿಂತ ಕೈಗೆ ಕೊಟ್ಟರೆ ಬೇಗ ಅರ್ಥವಾಗುತ್ತದೆ. ಹೊಸ ಲಾಟ್ ಬಂದಾಗಲೆಲ್ಲ ಎರಡು ಹಿಂಜ್ ತೆಗೆದು ಹಲಗೆಗೆ ಕೂರಿಸುತ್ತೇನೆ. ಸಂಜೆ ಗಿರಾಕಿ ಕಡಿಮೆ ಇದ್ದಾಗ ತೆರೆದು ಮುಚ್ಚುವುದು, ದಿನಕ್ಕೆ ಇನ್ನೂರು ಸಲ. ಒಳ್ಳೆಯ ಹಿಂಜ್‌ಗಳ ಪೆಟ್ಟಿಗೆಯ ಮೇಲೆ 80 ಸಾವಿರ ಸಲ ಅಂತ ಹಾಕಿರುತ್ತಾರೆ. ದಿನಕ್ಕೆ ಇಪ್ಪತ್ತು ಸಲ ತೆರೆಯುವ ಬಾಗಿಲಾದರೆ ಅದು ಸುಮಾರು ಹನ್ನೊಂದು ವರ್ಷ. ನನ್ನಿಂದ ಅಷ್ಟು ಆಗುವುದಿಲ್ಲ. ಆದರೆ ಎಣ್ಣೆ ಸೋರುವ ಲಾಟ್ ಇದ್ದರೆ ನನ್ನ ಹಲಗೆಯ ಮೇಲೆ ಮೊದಲ ಎರಡು ವಾರದಲ್ಲೇ ಸಿಕ್ಕಿಬಿದ್ದಿದೆ. ಹಾಗೆ ಎರಡು ಲಾಟ್ ವಾಪಸ್ ಕಳಿಸಿದ್ದೇನೆ.

ಎಲ್ಲಿಗೆ ಅನ್ನುವ ಪ್ರಶ್ನೆಗೆ ಜಾಸ್ತಿ ಬರುವ ಉತ್ತರ ಸಿಂಕ್ ಕೆಳಗೆ. ನಮ್ಮ ಕಡೆ ಬೋರ್‌ವೆಲ್ ನೀರು, ಗಡಸು. ಪೈಪ್ ಸ್ವಲ್ಪ ಸೋರಿದರೂ ಕಬ್ಬಿಣದ ಹಿಂಜ್ ತುಕ್ಕು ಹಿಡಿಯುತ್ತದೆ. ಅಲ್ಲಿಗೆ ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ 304 ಅನ್ನುವ ದರ್ಜೆಯದು ಹಾಕಿ ಅನ್ನುತ್ತೇನೆ. ಮನೆಯವರು ಕೆಲವರು ಜೇಬಿನಿಂದ ಅಯಸ್ಕಾಂತ ತೆಗೆದು ಹಿಡಿಯುತ್ತಾರೆ. ಅಂಟಲಿಲ್ಲ ಅಂದರೆ 304 ಅಂತ ನಂಬುತ್ತಾರೆ. ಪಾಪ, ಹಾಗಲ್ಲ ಅದು. ಅಗ್ಗದ 202ಕ್ಕೂ ಅಯಸ್ಕಾಂತ ಅಂಟುವುದಿಲ್ಲ. ಅದರಲ್ಲಿ ನಿಕ್ಕಲ್ ಕಡಿಮೆ, ಮ್ಯಾಂಗನೀಸ್ ಜಾಸ್ತಿ. ಒಂದು ಹನಿ ದ್ರಾವಣ ಬಿಟ್ಟು ನೋಡುವ ಪರೀಕ್ಷೆ ಇದೆ, 202 ಆದರೆ ಹನಿ ಕೆಂಪಗಾಗುತ್ತದೆ. ಆ ಬಾಟಲಿ ನನ್ನ ಕೌಂಟರ್ ಮೇಲೆ ಇರುತ್ತದೆ. ಕೇಳಿದವರ ಎದುರಿಗೇ ಹಾಕಿ ತೋರಿಸುತ್ತೇನೆ.

ಇನ್ನೊಂದು ಮಾತು ಪ್ರತಿ ಗಿರಾಕಿಗೂ ಹೇಳುತ್ತೇನೆ. ಬಾತ್‌ರೂಮ್ ತೊಳೆಯುವ ಆ್ಯಸಿಡ್ ಬಾಟಲಿಯನ್ನು ದಯವಿಟ್ಟು ಸಿಂಕ್ ಕೆಳಗೆ ಇಡಬೇಡಿ. ಮುಚ್ಚಳ ಬಿಗಿಯಾಗಿದ್ದರೂ ಸ್ವಲ್ಪ ಸ್ವಲ್ಪ ಆವಿ ಬರುತ್ತಲೇ ಇರುತ್ತದೆ. ಮುಚ್ಚಿದ ಕಪಾಟಿನಲ್ಲಿ ಆ ಆವಿ ಹೋಗುವುದೆಲ್ಲಿಗೆ? 304 ಕೂಡ ಅದಕ್ಕೆ ತಡೆಯುವುದಿಲ್ಲ, ಮೇಲೆ ಕಂದು ಚುಕ್ಕೆ ಏಳುತ್ತದೆ. ಒಬ್ಬರು ಆರು ತಿಂಗಳಿಗೇ ತುಕ್ಕು ಹಿಡಿಯಿತು ಅಂತ ಹಿಂಜ್ ತಂದಿದ್ದರು. ಕೈಗೆ ತಗೊಂಡರೆ ಆ್ಯಸಿಡ್ ವಾಸನೆ ಇನ್ನೂ ಇತ್ತು.

ಚಾನಲ್ ವಿಷಯಕ್ಕೆ ಬಂದರೆ, ಜಗಳ ಆಗುವುದೆಲ್ಲ ಒಂದು ಇಂಚಿನ ಒಳಗೆ. ಟೆಲಿಸ್ಕೋಪಿಕ್ ಚಾನಲ್‌ಗೆ ಡ್ರಾದ ಎರಡೂ ಪಕ್ಕ ಅರ್ಧರ್ಧ ಇಂಚು, 12.7 ಮಿ.ಮೀ. ಜಾಗ ಬಿಡಬೇಕು. ರಾಜಸ್ಥಾನದಿಂದ, ಉತ್ತರ ಪ್ರದೇಶದಿಂದ ಬಂದ ಬಡಗಿಗಳು ಇದನ್ನೇ ಚಾರ್ ಸೂತ್ ಅನ್ನುತ್ತಾರೆ, ಎಂಟು ಸೂತ್‌ಗೆ ಒಂದು ಇಂಚು. ಅಳತೆ ಸರಿಯಾಗಿಯೇ ಬಿಟ್ಟಿರುತ್ತಾರೆ. ಆಮೇಲೆ ಒಳಗಡೆಗೂ ಲ್ಯಾಮಿನೇಟ್ ಬೇಕು ಅಂತ ಮನೆಯವರು ಹೇಳುತ್ತಾರೆ. ಒಂದೊಂದು ಪಕ್ಕ ಒಂದೊಂದು ಮಿ.ಮೀ. ಹೋಯಿತು. ಡ್ರಾ ಬಿಗಿಯಾಗುತ್ತದೆ, ಚಾನಲ್ ಸರಿಯಿಲ್ಲ ಅಂತ ವಾಪಸ್ ಬರುತ್ತದೆ. ಇನ್ನೊಂದು, ಚಾನಲ್ ಕೂರಿಸಿದ ಕೋಣೆಯಲ್ಲೇ ಪ್ಲೈ ಕೊಯ್ಯುವುದು. ಬೇರಿಂಗ್‌ಗೆ ಹಚ್ಚಿದ ಗ್ರೀಸ್ ಮೇಲೆ ಮರದ ಪುಡಿ ಕೂತು ಹಿಟ್ಟು ಕಲಸಿದ ಹಾಗೆ ಆಗುತ್ತದೆ. ನಾನು ಪ್ರತಿ ಚಾನಲ್ ಜೊತೆಗೂ ಒಂದು ಪ್ಲಾಸ್ಟಿಕ್ ಕವರ್ ಕೊಡುತ್ತೇನೆ. ಕೆಲಸ ಮುಗಿಯುವ ತನಕ ಸುತ್ತಿಡಿ ಅಂತ.

ನನ್ನ ಹಿಂದಿ ಅಷ್ಟಕ್ಕಷ್ಟೇ. ಉತ್ತರದಿಂದ ಬಂದ ಆ ಬಡಗಿಗಳಿಗೆ ಕನ್ನಡ ಅಷ್ಟಕ್ಕಷ್ಟೇ. ಆದರೂ ಎಲ್ಲಿಗೆ ಹಾಕೋದು ಅಂತ ಕೇಳುವ "ಕಹಾಂ ಲಗೇಗಾ" ಅನ್ನುವುದೊಂದನ್ನು ಕಲಿತ ಮೇಲೆ ವ್ಯಾಪಾರ ನಡೆಯಿತು. ಮಿಕ್ಕದ್ದನ್ನು ಬಿಲ್ ಹಿಂದೆ ಚಿತ್ರ ಬರೆದು ಮಾತಾಡುತ್ತೇವೆ.

ಕಮಿಷನ್ ಬಗ್ಗೆ ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ. ಬರೆಯದಿದ್ದರೆ ಹೊಸಬರಿಗೆ ಮೋಸ ಮಾಡಿದ ಹಾಗೆ. ಒಂದು ಮನೆಯ ಒಳಾಂಗಣದ ಕೆಲಸ ವಹಿಸಿಕೊಂಡಿದ್ದವರು ಬಂದು, ಬಿಲ್‌ನಲ್ಲಿ ಶೇಕಡ 15 ಸೇರಿಸಿ ಬರೆಯಿರಿ, ಅದು ನನಗೆ ಅಂದರು. ಮನೆಯವರಿಗೆ ಗೊತ್ತಾಗುವ ಹಾಗಿಲ್ಲ. ನಾನು ಆಗುವುದಿಲ್ಲ ಅಂದೆ. ಅವರ ಕೈಯಲ್ಲಿ ನಾಲ್ಕು ಮನೆ ಇದ್ದವು, ನಾಲ್ಕೂ ಹೋದವು. ಆ ತಿಂಗಳು ಬಾಡಿಗೆ ಕಟ್ಟಲು ಕಷ್ಟವಾಯಿತು. ಆದರೆ ಹೀಗೇ ಒಬ್ಬ ಬಡಗಿಯೂ ಕೇಳಿದಾಗ ನನಗೆ ಬೇರೆ ಅನ್ನಿಸಿತು. ಅವರು ಹೇಳಿದ್ದು ಇಷ್ಟು. "ನಮಗೆ ಚದರಡಿಗೆ ಇಷ್ಟು ಅಂತ ಕೂಲಿ. ಅರ್ಧ ದಿನ ಕೆಲಸ ಬಿಟ್ಟು ಬಂದು, ಆರಿಸಿ, ಹೊತ್ತು ತಗೊಂಡು ಹೋಗೋದಕ್ಕೆ ಯಾರು ಕೊಡ್ತಾರೆ ಅಕ್ಕ?" ಅದು ನ್ಯಾಯ ಅಲ್ವಾ? ಅರ್ಧ ದಿನದ ಕೂಲಿ ಸುಮ್ನೆ ಬರುವುದಿಲ್ಲ. ಅವತ್ತಿನಿಂದ ಬಡಗಿಗಳಿಗೆ ನನ್ನ ಲಾಭದಲ್ಲಿ ಒಂದು ರಿಯಾಯಿತಿ ಇಟ್ಟೆ. ಬೆಲೆ ಎಲ್ಲರಿಗೂ ಒಂದೇ, ಬಡಗಿಯ ರಿಯಾಯಿತಿ ಬಿಲ್ ಮೇಲೆ ಕಾಣುವ ಹಾಗೆ ಬರೆದಿರುತ್ತದೆ. ಮನೆಯವರು ಅದನ್ನು ಅವರಿಗೇ ಬಿಡುತ್ತಾರೆ. ಬಿಡದೆ ಕಿತ್ತುಕೊಂಡವರು ಇಬ್ಬರೋ ಮೂವರೋ ಇರಬಹುದು.

ಉದ್ರಿ ಇಲ್ಲದೆ ಈ ವ್ಯಾಪಾರ ಇಲ್ಲ. ಮೊದಲ ವರ್ಷದ ಕೊನೆಗೆ ಉದ್ರಿ ಪುಸ್ತಕದಲ್ಲಿ 2 ಲಕ್ಷ 40 ಸಾವಿರ ನಿಂತಿತ್ತು. ಅದರಲ್ಲಿ 1 ಲಕ್ಷ 10 ಸಾವಿರ ಒಬ್ಬ ದೊಡ್ಡ ಕಂಟ್ರ್ಯಾಕ್ಟರ್‌ದು. ಬರಲು ಏಳು ತಿಂಗಳು ಹಿಡಿಯಿತು. ಐದು, ಎಂಟು ಸಾವಿರ ಬಾಕಿ ಇಟ್ಟ ಬಡಗಿಗಳು ಮನೆಯವರಿಂದ ದುಡ್ಡು ಬಂದ ಸಂಜೆಯೇ ತಂದು ಕೊಟ್ಟಿದ್ದರು. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲಿ ಒಂದು ನಿಯಮ ಬಂತು. ಸಣ್ಣ ಉದ್ಯಮಗಳಿಗೆ ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಕೊಡದಿದ್ದರೆ, ಕೊಂಡವರು ಆ ಖರ್ಚನ್ನು ಆ ವರ್ಷದ ಲೆಕ್ಕದಲ್ಲಿ ತೋರಿಸುವ ಹಾಗಿಲ್ಲ. ನನಗೂ ಆಸೆ ಹುಟ್ಟಿತು. ವಿಚಾರಿಸಿದರೆ ಅದು ತಯಾರಿಸುವವರಿಗೆ, ಸೇವೆ ಕೊಡುವವರಿಗೆ. ನನ್ನ ಹಾಗೆ ಕೊಂಡು ಮಾರುವವರಿಗೆ ಇಲ್ಲ. ಹಾಗಾಗಿ ನನ್ನ ನಿಯಮ ನಾನೇ ಮಾಡಿಕೊಂಡೆ. ಯಾರಿಗೇ ಆಗಲಿ 15 ಸಾವಿರದ ಮೇಲೆ ಉದ್ರಿ ಇಲ್ಲ. ದೊಡ್ಡ ಕಂಟ್ರ್ಯಾಕ್ಟರ್ ಆದರೂ ಅಷ್ಟೇ.

ಆಷಾಢದಲ್ಲಿ ವ್ಯಾಪಾರ ಡಲ್ ಅಂತ ಎಲ್ಲರೂ ಹೆದರಿಸಿದ್ದರು. ಅದು ಅರ್ಧ ನಿಜ. ಆ ತಿಂಗಳು ಗೃಹಪ್ರವೇಶ ಇರುವುದಿಲ್ಲ. ಆದರೆ ಶ್ರಾವಣದ ಮೊದಲ ಮುಹೂರ್ತಕ್ಕೆ ಮನೆ ರೆಡಿ ಆಗಬೇಕು. ಹಿಡಿಕೆ, ಹಿಂಜ್ ಎಲ್ಲ ಕೂರುವುದು ಕಟ್ಟಕಡೆಗೆ, ಬಣ್ಣ ಆದಮೇಲೆ. ಆಷಾಢದ ಕೊನೆಯ ಹತ್ತು ದಿನ ನನಗೆ ಊಟಕ್ಕೂ ಪುರುಸೊತ್ತು ಇರುವುದಿಲ್ಲ.

ಬೋರ್ಡ್ ಬರೆಸುವಾಗ ಒಂದು ಪೂರ್ತಿ ಸಂಜೆ ಹೋಗಿತ್ತು. ಹಿಂಜ್ ಅನ್ನುವುದಕ್ಕೆ ಕನ್ನಡದಲ್ಲಿ ಏನು ಬರೆಯುವುದು? ಕೀಲು ಅನ್ನಬಹುದು. ಅಂಕೋಲಾ ಕಡೆಯ ನಮ್ಮ ಅಜ್ಜಿ ಬಿಜಾಗ್ರಿ ಅನ್ನುತ್ತಿದ್ದಳು. ಅದು ಪೋರ್ಚುಗೀಸರಿಂದ ಬಂದ ಮಾತು. ಚಾವಿ, ಅಲಮಾರಿ ಕೂಡ ಅವರದೇ. ಅಂದರೆ ಕಪಾಟು, ಅದರ ಬೀಗದ ಕೈ, ಅದರ ಕೀಲು, ಮೂರರ ಹೆಸರೂ ಒಂದೇ ಹಡಗಿನಲ್ಲಿ ಬಂದ ಹಾಗೆ ಅನ್ನಿಸುತ್ತದೆ. ಬಿಜಾಗ್ರಿ ಅಂತ ಬರೆದರೆ ಬೆಂಗಳೂರಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ ಅಂತ ಬೋರ್ಡ್ ಬರೆಯುವವರು ಹೇಳಿದರು. ಕೊನೆಗೆ "ಕಪಾಟಿನ ಕೀಲು, ಹಿಡಿಕೆ, ಚಾನಲ್" ಅಂತ ದೊಡ್ಡದಾಗಿ ಕನ್ನಡದಲ್ಲೇ ಬರೆಸಿದೆ. 2024ರಲ್ಲಿ ಬೋರ್ಡ್‌ನ ಶೇಕಡ 60 ಭಾಗ ಕನ್ನಡ ಇರಬೇಕು ಅಂತ ಕಾನೂನು ಬಂದಾಗ ಸಾಲಿನ ಎಷ್ಟೋ ಅಂಗಡಿಯವರು ಬೋರ್ಡ್ ಬದಲಿಸಿದರು. ನಮ್ಮದು ಹಾಗೇ ಉಳಿಯಿತು.

ಹಿಂಜ್‌ಗೆ ಹೆಸರಾದ ಆಸ್ಟ್ರಿಯಾದ ಬ್ಲಮ್ ಕಂಪನಿ 1952ರಲ್ಲಿ ಶುರುವಾದಾಗ ಅವರು ಮೊದಲು ಮಾಡಿದ್ದು ಹಿಂಜ್ ಅಲ್ಲ. ಕುದುರೆಯ ಲಾಳಕ್ಕೆ ಹಾಕುವ ಗುಬುಟು ಮೊಳೆ, ಕುದುರೆ ಜಾರದಿರಲಿ ಅಂತ. ಬಾಡಿಗೆಗೆ ದುಡ್ಡು ಇಲ್ಲದ ಆ ಮೊದಲ ತಿಂಗಳುಗಳಲ್ಲಿ ನನಗೆ ಇದು ಆಗಾಗ ನೆನಪಾಗುತ್ತಿತ್ತು. ಒಂದು ಕಾಲು ಜಾರದ ಹಾಗೆ ನೋಡಿಕೊಳ್ಳುವುದು ಸಣ್ಣ ಕೆಲಸ ಅಲ್ಲ ಅಂತ ಅನ್ನಿಸಿ ಸ್ವಲ್ಪ ಧೈರ್ಯ ಬರುತ್ತಿತ್ತು.

ಹೋದ ತಿಂಗಳು ಮಲ್ಲೇಶ್ವರದಿಂದ ಒಬ್ಬರು ಹಿರಿಯರು ಹಳೆಯ ಹಿತ್ತಾಳೆ ಹಿಡಿಕೆ ಒಂದನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದರು. ಅವರ ತಾಯಿಯ ಕಪಾಟಿನದು. ಎರಡರಲ್ಲಿ ಒಂದು ಮುರಿದಿದೆ, ಎಲ್ಲ ಕಡೆ ಸುತ್ತಿ ಬಂದೆ, ಯಾವುದೂ ಕೂರುತ್ತಿಲ್ಲ ಅಂದರು. ಅಳೆದು ನೋಡಿದರೆ ತೂತಿನ ಅಂತರ ನಾಲ್ಕು ಇಂಚು, ಸುಮಾರು 102 ಮಿ.ಮೀ. ಈಗಿನದು 96. ಆರು ಮಿ.ಮೀ. ವ್ಯತ್ಯಾಸ. ಹೊಸ ತೂತು ಕೊರೆಯಬಹುದು ಅಂದೆ. ಅವರು ತಲೆ ಅಲ್ಲಾಡಿಸಿದರು, ಆ ಮರಕ್ಕೆ ತೂತು ಹಾಕುವ ಮನಸ್ಸಿಲ್ಲ. ಎಸ್‌ಜೆಪಿ ರಸ್ತೆಯ ಆ ಹಳೆಯ ವ್ಯಾಪಾರಿಗೆ ಫೋನ್ ಮಾಡಿದೆ. ಅವರ ಗೋಡೌನ್ ಮೂಲೆಯಲ್ಲಿ ನಾಲ್ಕಿಂಚಿನದು ಒಂದು ಪೊಟ್ಟಣ ಇತ್ತು. ಅದರಲ್ಲಿ ಜೋಡಿ ಒಂದನ್ನು ಕೊಟ್ಟು, ಮಿಕ್ಕಿದ್ದನ್ನು ನಾನೇ ಇಟ್ಟುಕೊಂಡೆ. ಇಂಥವರು ಇನ್ನೂ ಬರಬಹುದು.

ನಿನ್ನೆ ಬೆಳಗ್ಗೆ ಆ ಉಲ್ಲಾಳದ ಮನೆಯ ಬಡಗಿ ತಮ್ಮ ಹೊಸ ಸಹಾಯಕ ಹುಡುಗನನ್ನು ಕಳಿಸಿದ್ದರು. ಹದಿನೆಂಟು, ಹತ್ತೊಂಬತ್ತು ವಯಸ್ಸು. ಕೂದಲ ತುಂಬಾ ಮರದ ಪುಡಿ. ಬೈಕ್ ಆಫ್ ಮಾಡಿ, ಒಳಗೆ ಬಂದು, ಜೇಬಿನಿಂದ ಮಡಚಿದ ಪ್ಲೈ ಬಿಲ್ ತೆಗೆದ. ಹಿಂದೆ ಪೆನ್ಸಿಲ್‌ನಲ್ಲಿ ಬರೆದಿತ್ತು. ನಾನು ಇನ್ನೂ ಬಾಯಿ ತೆರೆದಿರಲಿಲ್ಲ.

"ಅಕ್ಕ, ಬಟ್ಟೆ ಕಪಾಟು. ಏಳು ಅಡಿ, ಒಂದೂವರೆ. ಕನ್ನಡಿ ಇಲ್ಲ. ಇನ್ನೊಂದು ಸಿಂಕ್ ಕೆಳಗೆ, ಅದಕ್ಕೆ 304."

ನೇತುಹಾಕಿದ್ದ ಪ್ಲೈ ತುಂಡಿನ ಕಡೆ ಒಮ್ಮೆ ನೋಡಿ, "ಐದೈದು ಹಾಕ್ಬೇಕಲ್ವಾ?" ಅಂದ.

ಐದೈದೇ ಎಣಿಸಿ ಕೊಟ್ಟೆ.